ಅರಳದೆ ಉಳಿದ ಕಾಳು

ನಾನು ಹೇಳಹೊರಟಿರುವುದು ಅಡುಗೆಮನೆಯ ಒಂದು ಅಲ್ಪ ಸಂಗತಿ. ಜೋಳ ಹುರಿದು ಅರಳು ಮಾಡುವ ಕೆಲಸದಲ್ಲಿ ನೀತಿಯ ಮಾತೇನಿದ್ದೀತು ಎಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ತಿಳಿದು ಒಂದು ನೆನಪನ್ನು ಮನಸ್ಸಿನ ಮೂಲೆಗೆ ಸರಿಸಿಟ್ಟಿದ್ದೆ. ಕಳೆದ ಬೇಸಗೆಯ ರಜೆಯಲ್ಲಿ ಹತ್ತು ವರ್ಷದ ಮೊಮ್ಮಗ ಬೆಂಗಳೂರಿನಿಂದ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಾಗ ಆ ನೆನಪು ಒಲೆಯ ಮುಂದೆ ಮತ್ತೆ ಎದ್ದು ನಿಂತಿತು.

ಅವನಿಗೆ ಪಾಪ್‌ಕಾರ್ನ್ ಎಂದರೆ ಪ್ರಾಣ. ಚಿತ್ರಮಂದಿರದಲ್ಲಿ ನೂರಾರು ರೂಪಾಯಿ ತೆತ್ತು ತಿನ್ನುವ ಆ ಪದಾರ್ಥವನ್ನು ಮನೆಯಲ್ಲಿಯೇ, ನಮ್ಮ ಗ್ಯಾಸಿನ ಒಲೆಯ ಮೇಲೆ, ಹತ್ತು ನಿಮಿಷದೊಳಗೆ ಮಾಡಬಹುದೆಂದು ಹೇಳಿದಾಗ ಅವನು ನಂಬಲಿಲ್ಲ. ಕಪಾಟಿನಲ್ಲಿ ಒಂದು ಡಬ್ಬಿಯ ತುಂಬ ಆ ಕಾಳು ಇತ್ತು. ಎಲ್ಲ ಮೆಕ್ಕೆಜೋಳವೂ ಅರಳುವುದಿಲ್ಲ. ಹಾವೇರಿ, ದಾವಣಗೆರೆಯ ಕಡೆಯ ಹೊಲಗಳಲ್ಲಿ ಹೇರಳವಾಗಿ ಬೆಳೆಯುವ ಸಾಮಾನ್ಯ ಮೆಕ್ಕೆಜೋಳವನ್ನು ತಂದು ಹುರಿದರೆ ಅದು ಬಿರಿದೀತೇ ಹೊರತು ಹೂವಾಗಲಾರದು. ಅರಳುವ ಜೋಳದ ತಳಿಯೇ ಬೇರೆ. ಅದರ ಕಾಳು ಸಣ್ಣದು. ಸಿಪ್ಪೆ ಬಲು ಗಟ್ಟಿ. ಒಳಗಿನ ಪಿಷ್ಟ ಗಾಜಿನಂತೆ ಬಿಗಿಯಾದದ್ದು.

ಒಲೆ ಹಚ್ಚುವ ಮೊದಲು ಕಾಳನ್ನು ಆರಿಸಬೇಕು. ಇದು ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ನನ್ನ ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದಕ್ಕೆ ಆಗಬೇಕಾಗಿದೆ. ಆದ್ದರಿಂದ ಕಾಳನ್ನು ತಟ್ಟೆಯಲ್ಲಿ ಹರಡಿ ಮೊಮ್ಮಗನ ಮುಂದಿಟ್ಟೆ. ಅವನು ಕಿಟಕಿಯ ಬೆಳಕಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ. ತೂತು ಬಿದ್ದ ಐದಾರು ಕಾಳುಗಳನ್ನು ಬೇರೆ ಇಟ್ಟ. “ಆಯಿತು ಅಜ್ಜಿ” ಎಂದ. ನನ್ನ ಕೈ ತಾನಾಗಿಯೇ ತಟ್ಟೆಯ ಕಡೆಗೆ ಹೋಯಿತು. ಇನ್ನೊಮ್ಮೆ ನೋಡಿಬಿಡೋಣ ಎಂಬ ಆತುರ.

“ನಾನು ನೋಡಿದೆ ಅಂದೆನಲ್ಲ ಅಜ್ಜಿ, ಮತ್ತೆ ಯಾಕೆ ನೋಡ್ತೀಯ?” ಎಂದು ಅವನು ಕೇಳಿದ. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಸಣ್ಣದೊಂದು ನೋವಿತ್ತು. ನನ್ನ ಕೈ ನಿಂತಿತು. ಎಂದೂ ಸುಳ್ಳಾಡದ ಈ ಮಗುವಿನ ಮಾತನ್ನು ನಾನೇಕೆ ನಂಬಲಿಲ್ಲ? ಉತ್ತರ ಅವನಲ್ಲಿರಲಿಲ್ಲ, ನನ್ನಲ್ಲಿತ್ತು.

ಅದು 1964ರ ಶ್ರಾವಣ. ನನಗೆ ಆಗ ಒಂಬತ್ತು ವರ್ಷ. ಬೈಲಹೊಂಗಲ ತಾಲ್ಲೂಕಿನ ನಮ್ಮ ಊರಿನಲ್ಲಿ ನಾಗರ ಪಂಚಮಿಗೆ ಜೋಳದ ಅರಳು ಆಗಲೇಬೇಕು. ಆಡುಮಾತಿನಲ್ಲಿ ನಾವು ಅದನ್ನು ಅಳ್ಳು ಎನ್ನುತ್ತೇವೆ. ಪಂಚಮಿಯ ದಿನ ನಮ್ಮ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುತ್ತಿರಲಿಲ್ಲವಾದ್ದರಿಂದ ಹುರಿಯುವ ಕೆಲಸವೆಲ್ಲ ಹಬ್ಬಕ್ಕೆ ಮುಂಚೆಯೇ ಮುಗಿಯಬೇಕು. ಆ ಕೆಲಸ ಅಜ್ಜಿಯದು. ಆಕೆಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಆಯಿಯ ವಿಧಾನ ಹೀಗಿತ್ತು: ಮೊದಲ ದಿನ ಮಧ್ಯಾಹ್ನ ಜೋಳವನ್ನು ಮೊರದಲ್ಲಿ ಹರಡಿ ಎಳೆಬಿಸಿಲಿಗೆ ಇಡುವಳು. ಓಡಾಡುವ ಹುಳುಗಳು ತಾವಾಗಿಯೇ ನೆರಳಿನ ಕಡೆಗೆ ಸರಿದು ಹೋಗುತ್ತಿದ್ದವು. ಹೋಗಲು ಅವಕ್ಕೆ ಸಾಕಷ್ಟು ಸಮಯ ಕೊಡುವಳು. ಬಳಿಕ ಒಂದೊಂದೇ ಕಾಳನ್ನು ನೋಡಿ ಆರಿಸುವುದು. ಸಂಜೆಗೆ ಕಾಳಿನ ಮೇಲೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಇಟ್ಟು, ಮರುದಿನ ಬೆಳಗ್ಗೆ ಕಾದ ಕಬ್ಬಿಣದ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹಾಕಿ ಬಟ್ಟೆಯ ಗಂಟಿನಿಂದ ತಿರುವುತ್ತ ಅರಳಿಸುವುದು.

ಆ ವರ್ಷದ ಹೊತ್ತಿಗೆ ಆಯಿಯ ಕಣ್ಣುಗಳು ಮಂಜಾಗಿದ್ದವು. ಮೊರವನ್ನು ನನ್ನ ಮುಂದಿಟ್ಟು, “ಒಂದೊಂದ ಕಾಳ ನೋಡಿ ಆರಿಸವ್ವಾ. ನನ್ನ ಕಣ್ಣ ಈಗ ನಿನ್ನ ಕಡೆ ಅದಾವ” ಎಂದಳು. ಹೊರಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಗೆಳತಿಯರ ಕೂಗು ಕೇಳಿಸುತ್ತಿತ್ತು. ಮೊರದ ಒಂದು ಮಗ್ಗುಲಿನ ಕಾಳನ್ನಷ್ಟೇ ಆರಿಸಿದೆ. ಉಳಿದದ್ದನ್ನು ಹಾಗೆಯೇ ಕೂಡಿಸಿದೆ. “ಎಲ್ಲಾ ಆರಿಸಿದೇನವ್ವಾ?” ಎಂದು ಆಯಿ ಕೇಳಿದಾಗ, “ಹೂಂ ಆಯಿ, ಎಲ್ಲಾ ಆರಿಸೇನಿ” ಎಂದು ಓಡಿದೆ.

ಮಳೆಗಾಲದ ಜೋಳದಲ್ಲಿ ಏನಿರುತ್ತದೆಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಉದ್ದ ಮೂತಿಯ ಆ ಕಂದು ಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ರಂಧ್ರವನ್ನು ಮುಚ್ಚಿಬಿಡುತ್ತದೆ. ಮರಿ ಕಾಳಿನ ಒಳಗನ್ನೇ ತಿಂದು ಬೆಳೆಯುತ್ತದೆ. ಬೆಚ್ಚನೆಯ ವಾತಾವರಣದಲ್ಲಿ ಸುಮಾರು ಒಂದು ತಿಂಗಳಲ್ಲಿ ಅದು ಹುಳುವಾಗಿ ದುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ಇಷ್ಟು ವಿವರ ಆಗ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಕಾಳಿನಲ್ಲಿ ಜೀವವಿರಬಹುದೆಂಬುದು ಗೊತ್ತಿತ್ತು. ನಾಳೆ ಅದು ಕಾದ ಬಾಣಲೆಗೆ ಬೀಳುವುದೆಂಬುದೂ ಗೊತ್ತಿತ್ತು. ನನಗೆ ಒಂದು ಇಡೀ ರಾತ್ರಿಯ ಅವಕಾಶವಿತ್ತು. ಒದ್ದೆ ಬಟ್ಟೆಯ ಗಂಟು ಅಡುಗೆಮನೆಯ ಮೂಲೆಯಲ್ಲಿತ್ತು; ಆಯಿ ನನ್ನ ಪಕ್ಕದಲ್ಲಿಯೇ ಮಲಗಿದ್ದಳು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ.

ಬೆಳಗ್ಗೆ ಹುರಿಯುವುದು ಮುಗಿದ ಮೇಲೆ ಆಯಿ ಅರಳನ್ನು ಜಾಲಿಸಿದಳು. ತಳದಲ್ಲಿ ಅರಳದ ಕಾಳು ಪ್ರತಿ ವರ್ಷವೂ ಉಳಿಯುತ್ತಿತ್ತು. ಈ ಸಲ ಬೊಗಸೆಗಿಂತ ಹೆಚ್ಚಾಗಿತ್ತು. ಆಕೆ ಕೆಲವನ್ನು ಅಂಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒಂದೊಂದನ್ನೇ ಸವರಿದಳು. ಕಣ್ಣಿಗೆ ಕಾಣದ ತೂತುಗಳು ಬೆರಳಿಗೆ ಕಂಡವು. ನಾನು ಕಂಬದ ಬಳಿ ನಿಂತಿದ್ದೆ. ಆಯಿ ನನ್ನ ಕಡೆಗೆ ಮುಖ ತಿರುಗಿಸಲಿಲ್ಲ. ತಾಯಿಯನ್ನು ಕರೆದು, “ಕಾಳ ಹುಳಾ ಹಿಡಿದಿತ್ತು. ನನಗ ಕಂಡಿಲ್ಲ. ಈ ಅಳ್ಳು ಯಾರೂ ತಿನ್ನೂದು ಬ್ಯಾಡ, ದನಕ್ಕ ಹಾಕ್ರಿ” ಎಂದಳು. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ಹೆಸರೂ ಇರಲಿಲ್ಲ. ಊಟದ ಹೊತ್ತಿಗೆ ಕರೆದಾಗ, “ಇವತ್ತ ನಾ ಉಪಾಸ. ನನ್ನ ಕೈಲೆ ಒಂದ ತಪ್ಪಾಗೇತಿ” ಎಂದು ಹೇಳಿ ಮೂಲೆಯಲ್ಲಿ ಜಪಕ್ಕೆ ಕುಳಿತಳು. ನಾನು ಉಂಡೆ. ಆ ತುತ್ತುಗಳು ಗಂಟಲಲ್ಲಿ ಹೇಗೆ ಇಳಿದವೆಂಬುದು ಇಂದಿಗೂ ನೆನಪಿದೆ.

ಆಯಿ ನನ್ನನ್ನು ಬಯ್ಯಬಹುದೆಂದು ಎಷ್ಟೋ ದಿನ ಕಾದೆ. ಬಯ್ಯಲಿಲ್ಲ. ಮುಂದಿನ ವರ್ಷ ಶ್ರಾವಣ ಬಂದಾಗ ಆರಿಸುವ ಕೆಲಸವನ್ನು ಚಿಕ್ಕಮ್ಮನಿಗೆ ಒಪ್ಪಿಸುವಳೆಂದು ಎಣಿಸಿದ್ದೆ. ಅವಳು ಮೊರವನ್ನು ತಂದು ಮತ್ತೆ ನನ್ನ ಮುಂದೆಯೇ ಇಟ್ಟಳು. “ತಗೋ, ನೀನ ಆರಿಸು” ಎಂದಳು, ಅಷ್ಟೇ. ಆ ಮಧ್ಯಾಹ್ನ ಜೋಕಾಲಿಯ ಕಡೆಗೆ ನಾನು ಕತ್ತೆತ್ತಿಯೂ ನೋಡಲಿಲ್ಲ. ಹೊತ್ತು ಇಳಿಯುವವರೆಗೆ ಒಂದೊಂದೇ ಕಾಳನ್ನು ತಿರುವಿ ತಿರುವಿ ನೋಡಿದೆ. ಮತ್ತೆ ಅವಳು ತೀರಿಕೊಳ್ಳುವವರೆಗೆ, 1971ರವರೆಗೆ, ಪ್ರತಿ ಪಂಚಮಿಗೂ ನಾನೇ ಆರಿಸಿದೆ. ಆದರೆ “ಅಂದು ನಾನು ಸುಳ್ಳು ಹೇಳಿದ್ದೆ” ಎಂಬ ಮಾತನ್ನು ಮಾತ್ರ ಅವಳ ಮುಂದೆ ಆಡಲಿಲ್ಲ. ಅವಳಿಗೆ ಗೊತ್ತಿದೆಯಲ್ಲ, ಹೇಳುವುದೇನು ಎಂದು ನನ್ನನ್ನೇ ನಂಬಿಸಿಕೊಂಡೆ.

ತಟ್ಟೆಯ ಮುಂದೆ ಕೈ ನಿಂತಾಗ ಇಷ್ಟೂ ನೆನಪಾಯಿತು. ಒಮ್ಮೆ ವಂಚಿಸಿದವರಿಗೆ ಇತರರ ಮಾತಿನಲ್ಲಿಯೂ ವಂಚನೆಯೇ ಕಾಣುತ್ತದೆ. ಮೊಮ್ಮಗನನ್ನು ನಾನು ನನ್ನ ಒಂಬತ್ತು ವರ್ಷದ ಅಳತೆಯಲ್ಲಿ ಅಳೆದಿದ್ದೆ. “ನೀನು ನೋಡಿದ್ದರೆ ಸಾಕಪ್ಪ” ಎಂದು ಹೇಳಿ ಎದ್ದು ಒಲೆ ಹಚ್ಚಿದೆ.

ತಳ ದಪ್ಪವಿರುವ ಪಾತ್ರೆಗೆ ಎರಡು ಚಮಚ ಎಣ್ಣೆ ಹಾಕಿ, ಮೊದಲು ಮೂರೇ ಕಾಳುಗಳನ್ನು ಬಿಟ್ಟೆವು. ಆ ಮೂರೂ ಅರಳಿದರೆ ಎಣ್ಣೆ ಹದಕ್ಕೆ ಬಂದಿದೆ ಎಂದರ್ಥ. ಬಳಿಕ ಕಾಲು ಲೋಟದಷ್ಟು ಕಾಳನ್ನು ತಳದಲ್ಲಿ ಒಂದೇ ಪದರವಾಗುವಂತೆ ಹರಡಿ ಮುಚ್ಚಿದೆವು. ಮುಚ್ಚಳವನ್ನು ಕೂದಲೆಳೆಯಷ್ಟು ಓರೆಯಾಗಿ ಇಡಬೇಕು. ಇಲ್ಲದಿದ್ದರೆ ಆವಿ ಒಳಗೇ ನಿಂತು ಅರಳು ಮೆತ್ತಗಾಗುತ್ತದೆ. ಆಗಾಗ ಪಾತ್ರೆಯನ್ನು ಅಲುಗಿಸುತ್ತಿರಬೇಕು. ಎರಡು ಸಿಡಿತಗಳ ನಡುವೆ ಎರಡು ಮೂರು ಸೆಕೆಂಡಿನ ಮೌನ ಬಂದಾಗ ಒಲೆ ಆರಿಸಬೇಕು. ಇನ್ನೊಂದು ನಿಮಿಷ ಮುಚ್ಚಳ ತೆಗೆಯಬಾರದು. ಉಪ್ಪನ್ನು ನುಣ್ಣಗೆ ಪುಡಿಮಾಡಿ, ಚಿಟಿಕೆ ಅರಿಸಿನದೊಂದಿಗೆ ಬೆಚ್ಚಗಿನ ತುಪ್ಪದಲ್ಲಿ ಕಲೆಸಿ ಹಾಕಿದರೆ ಚೆನ್ನಾಗಿ ಅಂಟಿಕೊಳ್ಳುತ್ತದೆ.

ಕಾಳು ಏಕೆ ಸಿಡಿಯುತ್ತದೆ ಎಂದು ಅವನು ಕೇಳಿದ. ನಾನು ಓದಿ ತಿಳಿದಷ್ಟನ್ನು ಹೇಳಿದೆ. ಕಾಳಿನೊಳಗೆ ನೂರರಲ್ಲಿ ಹದಿನಾಲ್ಕು ಪಾಲಿನಷ್ಟು ನೀರಿರುತ್ತದೆ. ಕಾದಂತೆ ಅದು ಆವಿಯಾಗಬಯಸುತ್ತದೆ. ಗಟ್ಟಿ ಸಿಪ್ಪೆ ಬಿಡುವುದಿಲ್ಲ. ಪಿಷ್ಟ ಒಳಗೆ ಮೆತ್ತಗಾಗುತ್ತದೆ. ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಒಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಒಂಬತ್ತು ಪಟ್ಟಿನಷ್ಟಾಗಿ ಸಿಪ್ಪೆ ಬಿರಿಯುತ್ತದೆ. ಪಿಷ್ಟ ನೊರೆಯಂತೆ ಉಕ್ಕಿ, ಆ ಕ್ಷಣವೇ ತಣಿದು ಗಟ್ಟಿಯಾಗುತ್ತದೆ. ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ಇದನ್ನು ಕ್ಷಿಪ್ರ ಛಾಯಾಗ್ರಹಣದಿಂದ ಪರೀಕ್ಷಿಸಿ, ನಮಗೆ ಕೇಳಿಸುವ ಸದ್ದು ಒಳಗಿನ ಆವಿ ಒಮ್ಮೆಲೇ ಹೊರನುಗ್ಗುವುದರಿಂದ ಹುಟ್ಟುವುದೆಂದು ತೋರಿಸಿದರು. ಆಯಿ ಜೋಳಕ್ಕೆ ನೀರು ಚಿಮುಕಿಸಿ ಕಟ್ಟಿಡುತ್ತಿದ್ದುದರ ಮರ್ಮವೂ ಈ ನೀರೇ. ಸಿಪ್ಪೆಯಲ್ಲಿ ಒಂದು ಸೀಳೋ ಹುಳು ಕೊರೆದ ತೂತೋ ಇದ್ದರೆ ಆವಿ ಅಲ್ಲಿಂದಲೇ ಸೋರಿಹೋಗುತ್ತದೆ. ಆ ಕಾಳು ಎಷ್ಟು ಕಾಯಿಸಿದರೂ ಅರಳದು. ಅಂದು ಆಯಿಯ ಅಂಗೈಯಲ್ಲಿ ನನ್ನ ಸುಳ್ಳಿಗೆ ಸಾಕ್ಷಿಯಾಗಿ ನಿಂತದ್ದು ಈ ನಿಯಮವೇ ಎಂದು ನನಗೆ ಆಗ ಹೊಳೆಯಿತು, ಬಾಯಿಬಿಟ್ಟು ಹೇಳಲಿಲ್ಲ.

ಹೊತ್ತು ಮುಳುಗುವ ಮೊದಲೇ ತಿಂದು ಮುಗಿಸಿದೆವು. ತಳದಲ್ಲಿ ಹನ್ನೊಂದು ಕಾಳು ಉಳಿದಿದ್ದವು. ಮೊಮ್ಮಗ ಅವನ್ನು ಕಿಟಕಿಯ ಬಳಿಗೆ ಒಯ್ದು ನೋಡಿದ. ನಾನು ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದು ಒಂದು ಕಾಳನ್ನು ನನ್ನ ಅಂಗೈಯಲ್ಲಿಟ್ಟ. “ಅಜ್ಜಿ, ಇದರಲ್ಲಿ ತೂತಿದೆ. ನಾನು ಸರಿಯಾಗಿ ನೋಡಲಿಲ್ಲ, ತಪ್ಪಾಯಿತು” ಎಂದ. ಅವನ ಕಣ್ಣಲ್ಲಿ ನೀರಿತ್ತು.

ನಾನು ಆ ಕಾಳನ್ನು ಹೆಬ್ಬೆರಳಿನಿಂದ ಸವರಿದೆ. ಹೌದು, ತೂತಿತ್ತು. ಅವನದು ಕಣ್ಣು ತಪ್ಪಿ ಆದದ್ದು. ಅದೂ ದೋಷವೇ, ಹಿರಿಯರು ಪ್ರಮಾದವೆಂದು ಎಚ್ಚರಿಸಿದ್ದು ಇದನ್ನೇ. ಆದರೆ ನನ್ನದು ಕಣ್ಣು ತಪ್ಪಿದ್ದಲ್ಲ. ಕಣ್ಣನ್ನು ನಾನೇ ತಪ್ಪಿಸಿದ್ದು. ನಾನು ಅರವತ್ತು ವರ್ಷ ಆಡಲಾರದೆ ಹೋದ ಮಾತನ್ನು ಈ ಹುಡುಗ ಕೇಳುವ ಮುಂಚೆಯೇ ಆಡಿದ್ದ. ಅವನನ್ನು ಹತ್ತಿರ ಕೂಡಿಸಿಕೊಂಡು, ಮೊರ, ಜೋಕಾಲಿ, ಆಯಿಯ ಉಪವಾಸ ಎಲ್ಲವನ್ನೂ ಹೇಳಿದೆ. ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಅವನು ಸುಮ್ಮನೆ ಕೇಳಿ, “ಅವರಿಗೆ ಗೊತ್ತಾಗಿತ್ತಲ್ಲ, ಮತ್ತೆ ಮುಂದಿನ ವರ್ಷ ನಿನಗೇ ಯಾಕೆ ಕೊಟ್ಟರು?” ಎಂದ. ನನಗೆ ತೋಚಿದ್ದನ್ನು ಹೇಳಿದೆ: “ಕೊಡದಿದ್ದರೆ ನಾನು ಸುಳ್ಳುಗಾರ್ತಿಯಾಗಿಯೇ ಉಳಿಯುತ್ತಿದ್ದೆನಪ್ಪ.”

ಆ ಘಟನೆಯ ಮೇಲೆ ಮನೆಯ ರೂಢಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇನೆ. ಅರಳುವ ಜೋಳವನ್ನು ಹೆಚ್ಚಾಗಿ ಬಿಸಿಲಿಗೆ ಒಣಗಿಸಿದರೆ ಒಳಗಿನ ನೀರು ಹೋಗಿ ಅದು ಅರಳದು; ಹಾಗೆಯೇ ತೆರೆದಿಟ್ಟರೆ ಹುಳು ಸೇರುತ್ತದೆ. ಆದ್ದರಿಂದ ತಿಂಗಳಿಗೆ ಬೇಕಾದಷ್ಟನ್ನೇ ತಂದು ಗಾಳಿಯಾಡದ ಬಾಟಲಿಯಲ್ಲಿ ಇಡುತ್ತೇನೆ. ಹುಳು ಬಿದ್ದ ಮೇಲೆ ಮರುಗುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಲೇಸು.

ಮರುದಿನ ಸಂಜೆ ಮೊಮ್ಮಗ ಮತ್ತೆ ಪಾಪ್‌ಕಾರ್ನ್ ಕೇಳಿದ. ತಟ್ಟೆಯಲ್ಲಿ ಕಾಳು ಹರಡಿ ಅವನ ಮುಂದಿಟ್ಟೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಬಳಿಕ ತಟ್ಟೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದ. “ಆಯಿತು ಅಜ್ಜಿ” ಎಂದು ಅವನು ಹೇಳುವವರೆಗೆ ನಾನು ಎಣ್ಣೆಯ ಪಾತ್ರೆಯನ್ನು ಮುಂದಿಟ್ಟುಕೊಂಡು ಕಾದೆ. ನನ್ನ ಕೈ ತಟ್ಟೆಯ ಕಡೆಗೆ ಹೋಗಲಿಲ್ಲ.