ಹದಿನಾಲ್ಕು ಅಂದೆ, ಆರೇ ಇದ್ದವು

ಗಜನಿ ಗದ್ದೆ ಕೊಯ್ಲು ಮುಗಿದಿತ್ತು, ಹುಲ್ಲು ಬಣವೆ ಹಾಕೋದು ಬಾಕಿ. ಅಷ್ಟರಲ್ಲಿ ಭಾವನ ಫೋನು. "ನಾಳೆ ಬೆಳಿಗ್ಗೆ ನನ್ನ ದೋಣಿಯಲ್ಲಿ ಡಾಲ್ಫಿನ್ ಎಣಿಸೋರು ಬರ್ತಾರೆ. ನೋಡ್ಲಿಕ್ಕೆ ಇನ್ನೊಬ್ಬರು ಬೇಕಂತೆ, ಬರ್ತೀಯಾ?"

ದನ ಎಣಿಸಿದ್ದೇನೆ, ತೆಂಗಿನಕಾಯಿ ಎಣಿಸಿದ್ದೇನೆ. ಡಾಲ್ಫಿನ್ ಎಣಿಸೋದೇನು ಮಹಾ ಅಂದ್ಕೊಂಡು ಹೊರಟೆ.

ಕಾರವಾರದ ಕೋಡಿಬಾಗದಿಂದ ಕಾಳಿ ನದಿ ಬಾಯಿ ದಾಟಿ ಕೂರ್ಮಗಡದ ಕಡೆ ಹೋದೆವು. ದೋಣಿ ಮನಸ್ಸಿಗೆ ಬಂದ ಕಡೆ ಓಡೋ ಹಾಗಿಲ್ಲ. ನಕ್ಷೆಯಲ್ಲಿ ಮೊದಲೇ ಗೆರೆ ಹಾಕಿರ್ತಾರೆ, ಹೂಟಿ ಮಾಡುವಾಗ ಸಾಲು ತಪ್ಪದ ಹಾಗೆ ಆ ಗೆರೆ ಮೇಲೇ ನಿಧಾನ ಹೋಗ್ಬೇಕು. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ನೋಡ್ಬೇಕು. ಇನ್ನೊಬ್ಬರು ಜಿಪಿಎಸ್, ಸಮಯ, ನೀರಿನ ಆಳ ಬರೀತಾರೆ. ಗಾಳಿ ಎದ್ದು ಅಲೆಯಲ್ಲಿ ಬಿಳಿ ನೊರೆ ಕಂಡರೆ ಕೆಲಸ ನಿಲ್ಲಿಸೋದೇ. ಆಮೇಲೆ ಅಲೆ ಯಾವುದು, ಬೆನ್ನಿನ ರೆಕ್ಕೆ ಯಾವುದು ಗೊತ್ತಾಗೋದಿಲ್ಲ. ಅದಕ್ಕೇ ಮಳೆಗಾಲ ಕಳೆದ ಮೇಲೆ, ಬೆಳಗಿನ ಹೊತ್ತು ಹೋಗೋದು.

ಕೂರ್ಮಗಡ ಹತ್ತಿರ ಬಂದಾಗ ಬೂದು ಬಣ್ಣದ ಬೆನ್ನು ಎದ್ದಿತು. ಎತ್ತಿನ ಡುಬ್ಬದ ಹಾಗೆ ಉಬ್ಬು, ಅದರ ಮೇಲೆ ಸಣ್ಣ ರೆಕ್ಕೆ. ಇದಕ್ಕೆ ಇಂಡಿಯನ್ ಓಷನ್ ಹಂಪ್‌ಬ್ಯಾಕ್ ಡಾಲ್ಫಿನ್ ಅಂತಾರೆ. ಆಳ ಸಮುದ್ರದ್ದಲ್ಲ, ದಂಡೆಗೆ ಹತ್ತಿರ, ನದಿ ಬಾಯಲ್ಲೇ ಇದರ ಸಂಸಾರ. ಭರತದಲ್ಲಿ ನಮ್ಮ ಗಜನಿಗೆ ನುಗ್ಗುವ ಶೇವಟೆ ಮೀನು ಇದಕ್ಕೂ ಊಟ. ಅಂದ್ರೆ ನಾನು, ಭಾವ, ಇದು ಮೂವರೂ ಒಂದೇ ನೀರನ್ನು ನಂಬಿದವರು.

ನಾನು ಬೆರಳು ಮಡಚುತ್ತಾ "ಹದಿನಾಲ್ಕು" ಅಂದೆ.

ಕ್ಯಾಮೆರಾ ಹಿಡಿದಿದ್ದ ಹುಡುಗಿ ನಕ್ಕಳು. "ಅಣ್ಣ, ಒಂದನ್ನೇ ಮೂರ್ಮೂರು ಸಲ ಎಣಿಸಿದ್ದೀರಿ." ಫೋಟೊ ದೊಡ್ಡದು ಮಾಡಿ ತೋರಿಸಿದಳು. ಒಂದರ ರೆಕ್ಕೆಯ ಹಿಂದೆ ಕಚ್ಚು, ಇನ್ನೊಂದಕ್ಕೆ ತುದಿಯೇ ಇಲ್ಲ, ಮತ್ತೊಂದಕ್ಕೆ ಬಿಳಿ ಗಾಯದ ಗೆರೆ. ಕಿವಿ ಸೀಳಿದ ದನವನ್ನು ನಾವು ದೂರದಿಂದಲೇ ಗುರುತು ಹಿಡಿಯೋದಿಲ್ವಾ, ಹಾಗೇ. ಕೊನೆಗೆ ಸಿಕ್ಕಿದ್ದು ಆರು, ಅದರಲ್ಲಿ ಒಂದು ತಾಯಿಗೆ ಅಂಟಿಕೊಂಡ ಮರಿ.

ಆರು ಕಂಡರೆ ಕೊಲ್ಲಿಯಲ್ಲಿ ಒಟ್ಟು ಎಷ್ಟು? ಇದಕ್ಕೊಂದು ಲೆಕ್ಕ ಇದೆ. ಕೆರೆಯಲ್ಲಿ 20 ಮೀನು ಹಿಡಿದು ಗುರುತು ಮಾಡಿ ಬಿಡಿ. ಕೆಲ ದಿನ ಬಿಟ್ಟು ಮತ್ತೆ 20 ಹಿಡಿದಾಗ ಅದರಲ್ಲಿ 5 ಗುರುತಿನವು ಬಂದರೆ, ನಾಲ್ಕರಲ್ಲಿ ಒಂದು ಗುರುತಿನದು. ಗುರುತು ಮಾಡಿದ್ದು 20, ಹಾಗಾದ್ರೆ ಕೆರೆಯಲ್ಲಿ ಸುಮಾರು 80. ಡಾಲ್ಫಿನ್ ತನ್ನ ಗುರುತು ತಾನೇ ಹೊತ್ತು ಬರುತ್ತೆ, ನಾವು ಫೋಟೊ ತೆಗೆದರೆ ಸಾಕು. ತೊಡಕು ಏನಂದ್ರೆ, ಮರಿಗಳ ರೆಕ್ಕೆ ನುಣುಪು, ಗುರುತಿಲ್ಲ. ಸಮುದ್ರಕ್ಕೆ ಕೆರೆಯ ಹಾಗೆ ಏರಿಯೂ ಇಲ್ಲ. ಅದಕ್ಕೇ ಒಂದು ದಿನದ ಎಣಿಕೆ ಎಣಿಕೆಯೇ ಅಲ್ಲ, ಮತ್ತೆ ಮತ್ತೆ ಹೋಗ್ಬೇಕು.

"ಈ ಕಚ್ಚು ಹೇಗಾಯ್ತು?" ಅಂತ ಕೇಳಿದೆ. "ತಮ್ಮತಮ್ಮಲ್ಲೇ ಕಚ್ಚಾಡಿ ಆಗುತ್ತೆ. ಬಲೆ, ಹಗ್ಗ ತಾಗಿಯೂ ಆಗುತ್ತೆ" ಅಂದಳು. ಭಾವ ಇಂಜಿನ್ ಕಡೆ ಮುಖ ತಿರುಗಿಸಿದ.

ಯಾಕೆ ಅಂತ ನನಗೆ ಗೊತ್ತು. ಕೆಲವು ವರ್ಷದ ಹಿಂದೆ ಅವನು ರಾತ್ರಿ ಬಿಟ್ಟ ಬಲೆಯಲ್ಲಿ ಡಾಲ್ಫಿನ್ ಸಿಕ್ಕಿ ಸತ್ತಿತ್ತು. ಅದು ಮೀನಲ್ಲ, ನಮ್ಮ ಹಾಗೆ ಉಸಿರಾಡೋದು. ಮೇಲೆ ಬರಲಿಕ್ಕೆ ಬಲೆ ಬಿಡಲಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ಹುಲಿಯ ಹಾಗೆ ಮೊದಲ ಪಟ್ಟಿಯ ರಕ್ಷಣೆ. ಕೇಸು ಬೀಳುತ್ತೆ ಅಂತ ಹೆದರಿ ಕತ್ತಲಲ್ಲಿ ಮರಳು ತೋಡಿ ಹೂಳಿದೆವು. ಗುದ್ದಲಿ ಹಿಡಿದವರಲ್ಲಿ ನಾನೂ ಒಬ್ಬ. ಮನೆಯಲ್ಲೂ ಹೇಳಲಿಲ್ಲ.

ವಾಪಸ್ ಬರುವಾಗ ಹುಡುಗಿ ಪುಸ್ತಕ ತೆರೆದು, "ಸತ್ತದ್ದು ಎಲ್ಲಾದ್ರೂ ನೋಡಿದ್ದೀರಾ? ಹೆಸರು ಬರ್ಕೊಳ್ಳೋದಿಲ್ಲ" ಅಂದಳು. ಭಾವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ. ಯಾವ ತಿಂಗಳು, ಯಾವ ಜಾಗ, ಎಷ್ಟು ಮೊಳ ಉದ್ದ, ಎಲ್ಲಾ. ಅವಳು ಬೈಯಲಿಲ್ಲ, ಸುಮ್ಮನೆ ಬರೆದುಕೊಂಡಳು. "ಹೆಣ್ಣು ಮರಿ ಹಾಕೋದೇ ಸುಮಾರು ಮೂರು ವರ್ಷಕ್ಕೊಂದು. ಅದಕ್ಕೇ ಒಂದು ಹೋದ್ರೂ ನಮಗೆ ಗೊತ್ತಾಗ್ಬೇಕು" ಅಂದಳು. 2017ರಲ್ಲಿ ಐಯುಸಿಎನ್ ಈ ಜಾತಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ದೊಡ್ಡ ಕಾರಣವೇ ಬಲೆ.

ಬೆಳೆ ಹಾಳಾದರೆ ನಾವು ಪರಿಹಾರಕ್ಕೆ ಎಲ್ಲಾ ಲೆಕ್ಕ ಬರೆಸ್ತೇವೆ. ಇದನ್ನು ಮಾತ್ರ ಮಣ್ಣಲ್ಲಿ ಮುಚ್ಚಿದೆವು. ನೀರಲ್ಲಿ ಈಜೋದನ್ನು ಕ್ಯಾಮೆರಾ ಎಣಿಸುತ್ತೆ. ಬಲೆಯಲ್ಲಿ ಸತ್ತದ್ದನ್ನು ಬಲೆಯವನೇ ಹೇಳ್ಬೇಕು, ಬೇರೆ ದಾರಿ ಇಲ್ಲ.

ಹೇಳೋನಿಗೂ ಧೈರ್ಯ ಬೇಕಲ್ಲ. ಮಹಾರಾಷ್ಟ್ರದಲ್ಲಿ ಇಂಥ ಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ 25 ಸಾವಿರ ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ 2018ರಲ್ಲಿ ಬಂತು. ಬಲೆಗೆ ಸಾಲ ಮಾಡಿದವನಿಗೆ ಅದರ ಬೆಲೆ ಗೊತ್ತು.

ಸಂಜೆ ಭಾವ ಬಣವೆ ಹಾಕ್ಲಿಕ್ಕೆ ಬಂದ. ಡಾಲ್ಫಿನ್ ಮಾತು ಇಬ್ಬರೂ ಎತ್ತಲಿಲ್ಲ. ಹೋಗುವಾಗ ಅಂಗಳದಲ್ಲಿ ನಿಂತು, "ಆ ಕಚ್ಚಿಂದು ಇದೆಯಲ್ಲ, ಅದು ಮತ್ತೆ ಕಂಡ್ರೆ ಫೋನ್ ಮಾಡ್ಲಿಕ್ಕೆ ಹೇಳಿದ್ದಾರೆ" ಅಂದ.

ಕಡಲ ದಂಡೆಯ ಸ್ನೇಹಿತರೇ, ಬಲೆಯಲ್ಲಿ ಜೀವಂತ ಸಿಕ್ಕರೆ ಉಸಿರಾಡೋ ಹಾಗೆ ಮೇಲೆತ್ತಿ ಬಲೆ ಬಿಡಿಸಿ. ಸತ್ತದ್ದು ಕಂಡರೆ ಫೋಟೊ ತೆಗೆದು, ಜಾಗ, ತಾರೀಕು ಬರೆದು ಅರಣ್ಯ ಇಲಾಖೆಗೆ ತಿಳಿಸಿ. ನಮ್ಮ ಹಾಗೆ ರಾತ್ರಿ ಗುದ್ದಲಿ ತರಬೇಡಿ.