ಹಿತ್ತಾಳೆಯ ಚೂರು

ಕಳೆದ ರಜೆಯಲ್ಲಿ ಟೆಕ್ಸಾಸಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಭಾವನವರಿಗೆ ಗುರಿ ಹೊಡೆಯುವ ಹುಚ್ಚು. ಹಾರಿಸಿದ ತೋಟಾದ ಹಿತ್ತಾಳೆ ಕವಚವನ್ನು ಎಸೆಯದೆ ಮತ್ತೆ ಮದ್ದು ತುಂಬುವ ಹವ್ಯಾಸ ಆ ದೇಶದಲ್ಲಿ ಬಹುಮಂದಿಗೆ ಉಂಟು.

ಹಾರಿಸಿ, ಮತ್ತೆ ಅಚ್ಚಿಗೆ ಒತ್ತಿದ ಕವಚ ಕೂದಲೆಳೆಯಷ್ಟು ಬೆಳೆಯುತ್ತದೆ. .308 ವಿಂಚೆಸ್ಟರ್ ಕವಚ 2.015 ಅಂಗುಲ ಮೀರಬಾರದು, 2.005ಕ್ಕೆ ಕತ್ತರಿಸುತ್ತಾರೆ. ಮೀರಿದರೆ ಅದರ ಬಾಯಿ ನಳಿಗೆಯಲ್ಲಿ ಇರುಕಿ ಗುಂಡನ್ನು ಬಿಗಿಹಿಡಿದು, ಒತ್ತಡವೇರಿ ಬಂದೂಕೇ ಸಿಡಿಯಬಹುದು.

ಅಂದು ಕತ್ತರಿಸುವ ಯಂತ್ರದಿಂದ ಬಂದ ಕವಚಗಳು ಒಂದರಂತೆ ಒಂದಿಲ್ಲ. ಭಾವ ಮೊಂಡಾದ ಅಲಗನ್ನು ಬದಲಿಸಿದರು, ತಿರುಪು ಬಿಗಿದರು. ಊಟ ಆರಿತು, ಅಕ್ಕನ ಮುಖ ಬಿಸಿಯಾಯಿತು. ಕರಡಚ್ಚು ತಿದ್ದುವ ಕಣ್ಣಿನಿಂದ ನಾನೂ ಇಣುಕಿದೆ.

“ಏನು ಮೇಷ್ಟ್ರೇ, ಅಚ್ಚಿನ ತಪ್ಪೇ?” ಎಂದರು ಭಾವ.

ಕವಚದ ತಳ ಕೂರುವೆಡೆಯಲ್ಲಿ ಹಿತ್ತಾಳೆಯ ಚೂರೊಂದು ಮಿನುಗುತ್ತಿತ್ತು! ಅದು ಅಡಿಗೆ ಸಿಕ್ಕಾಗ ಕವಚ ಮುಂದೆ ಸರಿದು ಗಿಡ್ಡವಾಗುತ್ತಿತ್ತು. ಗಿಡ್ಡವಾಯಿತೆಂದು ಭಾವ ಅಲಗನ್ನು ಹಿಂದಕ್ಕೆ ಸರಿಸಿದ್ದರಿಂದ, ಚೂರು ಸಿಕ್ಕದ ಕವಚಗಳು ಉದ್ದವಾಗಿಯೇ ಉಳಿದಿದ್ದುವು.

ನಗು ನಿಂತಿತು. ಎಲ್ಲವನ್ನೂ ಮತ್ತೆ ಅಳೆದರು. ಎರಡು ಕವಚ 2.018 ಅಂಗುಲವಿದ್ದುವು. ಅಕ್ಕ ಅವನ್ನು ಅಂಗೈಯಲ್ಲಿಟ್ಟು ನೋಡಿ, ಮಾತಾಡದೆ ಸಾರು ಬಿಸಿಮಾಡಲು ಒಳಗೆ ಹೋದಳು.