ಪಕ್ಕದ ಮನೆಯ ದೀಪ

ಸಿನಿಮಾ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ಗಂಡಸರು ಮೊದಲಿನಿಂದ ಕೊನೆಯವರೆಗೆ ಕಥೆ ಹೇಳುತ್ತಾರೆ. ಹೆಂಗಸರು ಒಂದೇ ಮಾತು ಹೇಳುತ್ತಾರೆ. ‘ಅಷ್ಟು ದೊಡ್ಡ ಮನೆ, ಒಂದು ಪೊರಕೆ ಕಾಣಲಿಲ್ಲ ಕಣ್ರೀ’ ಎಂದೋ, ‘ಆ ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದೇ ಇಲ್ಲ, ಅಷ್ಟೊಂದು ಕುಣೀತಾಳೆ’ ಎಂದೋ. ನಮ್ಮ ಸ್ಟಾಫ್‌ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಇಂಥ ವಿಮರ್ಶೆಗಳನ್ನು ಕೇಳಿದ್ದೇನೆ. ಪತ್ರಿಕೆಯಲ್ಲಿ ಅರ್ಧ ಪುಟ ಬರೆಯುವವರಿಗಿಂತ ಇವರೇ ಸಿನಿಮಾವನ್ನು ಸರಿಯಾಗಿ ನೋಡಿರುತ್ತಾರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಹೆದರಿಸುವ ಸಿನಿಮಾಗಳ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ‘ಛೀ, ಅದನ್ನೆಲ್ಲ ಯಾರು ನೋಡ್ತಾರೆ?’ ನೋಡಿರುತ್ತಾರೆ, ಹೇಳುವುದಿಲ್ಲ. 1979ರಲ್ಲಿ ಅನಂತನಾಗ್, ಲಕ್ಷ್ಮಿಯವರ ‘ನಾ ನಿನ್ನ ಬಿಡಲಾರೆ’ ಬಂದಾಗ ನಾನು ಪ್ರೈಮರಿ ಶಾಲೆಯ ಹುಡುಗಿ. ಅಮ್ಮ ನನ್ನ ಮುಖಕ್ಕೆ ಸೆರಗು ಮುಚ್ಚಿ ತಾವು ಮಾತ್ರ ಕಣ್ಣು ಮಿಟುಕಿಸದೆ ನೋಡಿದ್ದರು. ಮನೆಗೆ ಬಂದು ಅಕ್ಕಪಕ್ಕದವರಿಗೆ ‘ಏನೂ ಚೆನ್ನಾಗಿಲ್ಲ’ ಎಂದರು. ಆಮೇಲೆ ಒಂದು ವಾರ ಬಚ್ಚಲುಮನೆಗೆ ಒಬ್ಬರೇ ಹೋಗಲಿಲ್ಲ!

ನಾನೀಗ ಹೇಳಹೊರಟಿದ್ದು ಅದಕ್ಕಿಂತ ಒಂದು ವರ್ಷ ಮೊದಲು, 1978ರಲ್ಲಿ, ಅಮೆರಿಕದಲ್ಲಿ ತಯಾರಾದ ‘ಹ್ಯಾಲೋವೀನ್’ ಎಂಬ ಚಿತ್ರದ ಬಗ್ಗೆ. ಇದರಲ್ಲಿ ದೆವ್ವವಿಲ್ಲ. ಮುಖವಾಡ ಹಾಕಿದ ಒಬ್ಬ ಮನುಷ್ಯ, ಅವನ ಕೈಯಲ್ಲಿ ಅಡುಗೆಮನೆಯ ಚಾಕು, ಓಡುವ ಹುಡುಗಿಯರು. ಇಂಥವನ್ನು ಅಲ್ಲಿಯವರು ‘ಸ್ಲ್ಯಾಶರ್’ ಎನ್ನುತ್ತಾರೆ. ನಾವು ಚಾಕು ಸಿನಿಮಾ ಎನ್ನಬಹುದು.

ನನಗೆ ಹಿಡಿಸಿದ್ದು ಅದನ್ನು ತಯಾರಿಸಿದ ಬಗೆ. ಮಧ್ಯಮ ವರ್ಗದ ಮನೆಯ ಮದುವೆಯ ಹಾಗೆ ಎಲ್ಲದರಲ್ಲೂ ಹಿಡಿತ. ಒಟ್ಟು ಖರ್ಚು ಸುಮಾರು ಮೂರು ಲಕ್ಷ ಡಾಲರ್. ಅಲ್ಲಿನ ಲೆಕ್ಕಕ್ಕೆ ಅದು ಏನೇನೂ ಅಲ್ಲ. ಇಪ್ಪತ್ತು ದಿನಗಳ ಆಸುಪಾಸಿನಲ್ಲಿ ಚಿತ್ರೀಕರಣ. ಕೊಲೆಗಾರನ ಮುಖವಾಡ ಎರಡು ಡಾಲರಿಗೂ ಕಡಿಮೆ ಬೆಲೆಯದು: ‘ಸ್ಟಾರ್ ಟ್ರೆಕ್’ ಧಾರಾವಾಹಿಯ ನಾಯಕ ವಿಲಿಯಂ ಶಾಟ್ನರ್ ಮುಖದ ಮುಖವಾಡ ಕೊಂಡು, ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿದರು, ಅಷ್ಟೆ. ಕಥೆ ನಡೆಯುವುದು ಎಲೆ ಉದುರುವ ಅಕ್ಟೋಬರ್‌ನಲ್ಲಿ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಎಲೆಗಳಿಗೆ ಬಣ್ಣ ಹಚ್ಚಿ ಉದುರಿಸಿದರು. ದೃಶ್ಯ ಮುಗಿದ ಮೇಲೆ ಮತ್ತೆ ಆರಿಸಿ ಚೀಲಕ್ಕೆ ತುಂಬಿಕೊಂಡರು, ಮುಂದಿನ ದೃಶ್ಯಕ್ಕೆ ಬೇಕಲ್ಲ! ನಿರ್ದೇಶಕ ಜಾನ್ ಕಾರ್ಪೆಂಟರ್. ಅವರ ಜೊತೆ ಕಥೆ ಬರೆದು ನಿರ್ಮಾಪಕಿಯಾಗಿಯೂ ದುಡಿದವರು ಡೆಬ್ರಾ ಹಿಲ್ ಎಂಬ ಮಹಿಳೆ. ಹುಡುಗಿಯರ ಮಾತುಗಳನ್ನು ಬಹುಪಾಲು ಬರೆದವರು ಇವರೇ. ಹಾಗಾಗಿಯೇ ಆ ಮಾತು ನಮ್ಮ ಹತ್ತನೇ ತರಗತಿಯ ಕೊನೇ ಬೆಂಚಿನ ಮಾತಿನಂತೆ ಕೇಳುತ್ತದೆ.

ಈ ಚಿತ್ರದ ಬಗ್ಗೆ ಸಿಕ್ಕ ಮೊದಮೊದಲ ಅಭಿಪ್ರಾಯವೂ ಹೆಣ್ಣುಮಗಳದೇ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ತರುಣ ಅಧಿಕಾರಿಣಿಯೊಬ್ಬರಿಗೆ ಕಾರ್ಪೆಂಟರ್ ಸಂಗೀತ ಸೇರಿಸದೆ ಚಿತ್ರ ತೋರಿಸಿದರಂತೆ. ಆಕೆಗೆ ಒಂದಿಷ್ಟೂ ಭಯವಾಗಲಿಲ್ಲ. ಆಮೇಲೆ ಕಾರ್ಪೆಂಟರ್ ತಾವೇ ಕೂತು ಸಂಗೀತ ಮಾಡಿದರು. ಅವರ ತಂದೆ ಸಂಗೀತದ ಮೇಷ್ಟ್ರು. ಐದರ ಎಣಿಕೆಯ ತಾಳವನ್ನು ಮಗನಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಅದೇ ಎಣಿಕೆಯ ಪಿಯಾನೋ ಇಡೀ ಚಿತ್ರವನ್ನು ಎತ್ತಿ ನಿಲ್ಲಿಸಿತು. 1978ರ ಅಕ್ಟೋಬರ್‌ನಲ್ಲಿ ಕನ್ಸಾಸ್ ಸಿಟಿಯಲ್ಲಿ ತೆರೆ ಕಂಡ ಚಿತ್ರ, ನೋಡಿದವರು ನೋಡದವರಿಗೆ ಹೇಳಿ, ಬಾಯಿಂದ ಬಾಯಿಗೆ ಹರಡಿ, ಅಮೆರಿಕದಲ್ಲೇ ಸುಮಾರು 4 ಕೋಟಿ 70 ಲಕ್ಷ ಡಾಲರ್ ಗಳಿಸಿತು.

2024ರಲ್ಲಿ ನಮ್ಮ ನರಕ ಚತುರ್ದಶಿಯೂ ಅವರ ಹ್ಯಾಲೋವೀನ್ ಹಬ್ಬವೂ ಒಂದೇ ದಿನ, ಅಕ್ಟೋಬರ್ 31ಕ್ಕೆ ಬಂದಿದ್ದವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಹಬ್ಬಕ್ಕೆ ಹಾಸನಕ್ಕೆ ಬಂದವಳು, ರಾತ್ರಿ ಊಟವಾದ ಮೇಲೆ ‘ಇವತ್ತು ಇದನ್ನೇ ನೋಡಬೇಕು’ ಎಂದು ಟೀವಿಯಲ್ಲಿ ಹಾಕಿದಳು. ನಮ್ಮವರು ಹತ್ತು ನಿಮಿಷಕ್ಕೆ ಕುರ್ಚಿಯಲ್ಲೇ ನಿದ್ದೆ. ಕೊನೆಯವರೆಗೆ ನೋಡಿದವರು ನಾವು ನಾಲ್ವರು: ಎಂಬತ್ತೆರಡು ವರ್ಷದ ನಮ್ಮತ್ತೆ, ನನ್ನ ಓರಗಿತ್ತಿ, ಮಗಳು, ನಾನು.

ಕಥೆ ಇಷ್ಟೇ. ಆರು ವರ್ಷದ ಹುಡುಗನೊಬ್ಬ 1963ರ ಹ್ಯಾಲೋವೀನ್ ರಾತ್ರಿ ಅಕ್ಕನನ್ನು ಕೊಲ್ಲುತ್ತಾನೆ. ಹದಿನೈದು ವರ್ಷದ ಮೇಲೆ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಅದೇ ಊರಿಗೆ ಬರುತ್ತಾನೆ. ಲಾರಿ ಎಂಬ ಹೈಸ್ಕೂಲು ಹುಡುಗಿಯ ಮೇಲೆ ಅವನ ಕಣ್ಣು ಬೀಳುತ್ತದೆ. ಆ ರಾತ್ರಿ ಅವಳು ಬೇರೆಯವರ ಮನೆಯ ಮಗುವನ್ನು ನೋಡಿಕೊಳ್ಳಲು ಹೋಗಿರುತ್ತಾಳೆ. ಅಪ್ಪ ಅಮ್ಮ ಹೊರಗೆ ಹೋಗುವಾಗ ಹೀಗೆ ಓದುವ ಹುಡುಗಿಯರಿಗೆ ದುಡ್ಡು ಕೊಟ್ಟು ಮಗುವನ್ನು ಒಪ್ಪಿಸಿ ಹೋಗುವುದು ಅಲ್ಲಿನ ರೂಢಿ.

ನಮ್ಮತ್ತೆಗೆ ಮೊದಲು ತೊಡರಿದ್ದು ಅಲ್ಲೇ. “ಆ ಮನೇಲಿ ಅಜ್ಜಿ ಇಲ್ವೇನೇ?” ಎಂದರು. ಇಲ್ಲ ಅಂದೆವು. “ಮತ್ತೆ ಇನ್ನೇನಾಗುತ್ತೆ?” ಎಂದು ಎಲೆ ಅಡಿಕೆ ತಟ್ಟೆ ಎಳೆದುಕೊಂಡರು. ಅವರ ಮಟ್ಟಿಗೆ ಕಥೆಯ ಕಾರಣ ಅಲ್ಲಿಗೇ ಗೊತ್ತಾಗಿಹೋಯಿತು. ಅವರ ಇನ್ನೊಂದು ತಕರಾರು ಇನ್ನೂ ಗಟ್ಟಿಯಾದದ್ದು: “ಅವನಿಗೇನು ಬೇಕಂತೆ?” ನಮ್ಮ ದೆವ್ವಗಳಿಗೆ ಏನಾದರೂ ಬೇಕಿರುತ್ತದೆ, ತೀರದ ಆಸೆಯೋ, ಆದ ಅನ್ಯಾಯವೋ, ಕೊಡದೆ ಹೋದ ಎಡೆಯೋ. ಕೊಟ್ಟರೆ ಹೋಗುತ್ತವೆ. ಇವನಿಗೆ ಏನೂ ಬೇಡ. ಆ ಚಿತ್ರದ ನಿಜವಾದ ಭಯ ಅದೇ ಎಂದು ನನಗನ್ನಿಸಿತು.

ಓರಗಿತ್ತಿ ಸಂಗೀತ ಪಾಠ ಹೇಳುವವಳು. ತೊಡೆ ಮೇಲೆ ಎಣಿಸುತ್ತಾ “ಐದೈದರ ಲೆಕ್ಕ ಅಕ್ಕ, ಖಂಡಚಾಪು ಇದ್ದ ಹಾಗೆ. ಸಮ ಸಿಕ್ಕಿತು ಅನ್ನೋದರೊಳಗೆ ಜಾರುತ್ತೆ, ಅದಕ್ಕೇ ಎದೆ ಹೊಡ್ಕೊಳ್ಳೋದು” ಎಂದಳು. ಆದರೆ ಲಾರಿ ಅವನನ್ನು ಸ್ವೆಟರ್ ಹೆಣೆಯುವ ಸೂಜಿಯಿಂದ ಚುಚ್ಚಿ ಬೀಳಿಸಿ, ಅವನ ಚಾಕುವನ್ನು ಅಲ್ಲೇ ಬಿಸಾಡಿದಾಗ ಸಂಗೀತ ಎಲ್ಲ ಮರೆತು “ಎತ್ಕೊಳ್ಳೇ, ಚಾಕು ಎತ್ಕೊಳ್ಳೇ!” ಎಂದು ಕೂಗಿದಳು. ನಮ್ಮವರು ಎಚ್ಚೆತ್ತು “ಏನಾಯ್ತು?” ಎಂದು ಮತ್ತೆ ಮಲಗಿದರು. ಅಮೆರಿಕದ ಚಿತ್ರಮಂದಿರಗಳಲ್ಲೂ ಜನ ಪರದೆಯ ಕಡೆ ಹೀಗೇ ಕೂಗುತ್ತಿದ್ದರಂತೆ. ಮುಂದೆ ಬೀರುವಿನೊಳಗೆ ಸಿಕ್ಕಿಬಿದ್ದಾಗ ಅವಳು ಬಟ್ಟೆ ನೇತುಹಾಕುವ ತಂತಿ ಹ್ಯಾಂಗರನ್ನೇ ಬಿಡಿಸಿ ಅವನ ಕಣ್ಣಿಗೆ ಚುಚ್ಚುತ್ತಾಳೆ. ಕೈಗೆ ಸಿಕ್ಕ ಮನೆಸಾಮಾನೇ ಆಯುಧ. ಅದಕ್ಕೆ ನಾವು ನಾಲ್ವರೂ ಪೂರ್ತಿ ಅಂಕ ಕೊಟ್ಟೆವು.

ನನ್ನ ಕಣ್ಣು ಮೇಷ್ಟ್ರ ಕಣ್ಣು. ಲಾರಿ ಅವನನ್ನು ನೋಡುವುದು ತರಗತಿಯ ಕಿಟಕಿಯಿಂದ. ಆಗ ಪಾಠ ವಿಧಿಯ ಬಗ್ಗೆ ನಡೆದಿದೆ. ಹುಡುಗಿ ಹೊರಗೆ ನೋಡುತ್ತಿದ್ದಾಳೆಂದು ಟೀಚರ್ ತಟ್ಟನೆ ಪ್ರಶ್ನೆ ಕೇಳುತ್ತಾರೆ. ಅವಳು ಸರಿಯಾಗಿಯೇ ಉತ್ತರ ಹೇಳುತ್ತಾಳೆ. ಆದರೆ ‘ಹೊರಗೆ ಏನು ನೋಡ್ತಿದ್ದೀಯಮ್ಮಾ?’ ಎಂದು ಟೀಚರ್ ಕೇಳುವುದಿಲ್ಲ. ದಾರಿಯಲ್ಲಿ ಬೇಲಿಯ ಹಿಂದೆ ನಿಂತವನನ್ನು ತೋರಿಸಿದರೆ ಗೆಳತಿ ಹೋಗಿ ನೋಡಿ, ಯಾರೂ ಇಲ್ಲವೆಂದು ನಗುತ್ತಾಳೆ. ಮನೆಗೆ ಬಂದರೆ ಹಿತ್ತಲಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಅವನು ನಿಂತಿದ್ದಾನೆ. ಹಾಡುಹಗಲು. ಕಂಡದ್ದನ್ನು ಹೇಳಿದರೆ ನಂಬುವವರಿಲ್ಲ. ಚಾಕು ಬರುವುದು ಆಮೇಲೆ.

ದೊಡ್ಡವರ ಅಭಿಪ್ರಾಯಗಳನ್ನು ಆಮೇಲೆ ಓದಿದೆ. ಷಿಕಾಗೋದ ವಿಮರ್ಶಕ ರೋಜರ್ ಈಬರ್ಟ್ ಚಿತ್ರಕ್ಕೆ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು. ನ್ಯೂಯಾರ್ಕರ್ ಪತ್ರಿಕೆಯ ಪಾಲಿನ್ ಕೇಲ್ ಅವರಿಗೆ ಹಿಡಿಸಲಿಲ್ಲ. ಇದರ ಗಳಿಕೆ ನೋಡಿ ‘ಫ್ರೈಡೇ ದಿ ಥರ್ಟೀನ್ತ್’ನಂಥ ಚಿತ್ರಗಳು ಹಿಂಡುಹಿಂಡಾಗಿ ಬಂದಾಗ, 1980ರಲ್ಲಿ ಈಬರ್ಟ್ ಮತ್ತು ಜೀನ್ ಸಿಸ್ಕೆಲ್ ಟೀವಿಯಲ್ಲಿ ಒಂದಿಡೀ ಕಾರ್ಯಕ್ರಮವನ್ನೇ ಅವುಗಳ ವಿರುದ್ಧ ನಡೆಸಿದರು. ಕ್ಯಾಮೆರಾ ಕೊಲೆಗಾರನ ಕಣ್ಣಾಗುತ್ತದೆ, ಪ್ರೇಕ್ಷಕ ಅವನ ಪಕ್ಷಕ್ಕೆ ಸೇರಿಬಿಡುತ್ತಾನೆ ಎಂಬುದು ಅವರ ಆಕ್ಷೇಪ. ‘ಹ್ಯಾಲೋವೀನ್’ ಅನ್ನು ಮಾತ್ರ ಬೇರೆ ಇಟ್ಟರು. ಇಲ್ಲಿ ನಾವು ಹುಡುಗಿಯ ಜೊತೆಗೇ ಇರುತ್ತೇವೆ ಎಂದರು. ಬರ್ಕ್ಲಿಯ ಪ್ರಾಧ್ಯಾಪಕಿ ಕ್ಯಾರಲ್ ಕ್ಲೋವರ್ 1987ರ ಲೇಖನದಲ್ಲಿ, 1992ರ ಪುಸ್ತಕದಲ್ಲಿ, ಕೊನೆಗೆ ಉಳಿದು ಎದುರಿಸುವ ಈ ಹುಡುಗಿಗೆ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. ನೋಡಲು ಬಂದ ಗಂಡುಹುಡುಗರೂ ಕೊನೆಗೆ ಅವಳ ಪಕ್ಷವಾಗುತ್ತಾರೆ ಎಂಬುದು ಅವರ ವಾದ. ಆಕೆಯ ಮೂಲ ವಿಷಯ ಸ್ಕ್ಯಾಂಡಿನೇವಿಯಾದ ಪ್ರಾಚೀನ ಸಾಹಿತ್ಯ. ಹಳಗನ್ನಡ ಪಾಠ ಮಾಡುವ ಮೇಡಂ ಒಬ್ಬರು ನೋಟ್‌ಬುಕ್ ಹಿಡಿದು ಚಾಕು ಸಿನಿಮಾಕ್ಕೆ ಕೂತ ಹಾಗೆ! ನನಗೆ ಬಹಳ ಸಂತೋಷವಾಯಿತು.

ಗೆಳತಿಯರು ಹುಡುಗರ ಜೊತೆ ಸುತ್ತಿದ್ದಕ್ಕೇ ಸತ್ತರು, ಲಾರಿ ಒಳ್ಳೆಯವಳಾದ್ದರಿಂದ ಉಳಿದಳು ಎಂಬ ವಾದವೂ ಇದೆ. ಕಾರ್ಪೆಂಟರ್ ಅದನ್ನು ಒಪ್ಪಲಿಲ್ಲ; ನಾನೂ ಒಪ್ಪುವುದಿಲ್ಲ. ಹೆಣ್ಣುಮಕ್ಕಳಿಗೆ ಏನಾದರೂ ಆದಾಗ ನಮ್ಮ ಬೀದಿಯಲ್ಲೂ ಮೊದಲು ಕೇಳಿಬರುವುದು ಇದೇ ವಾದ. ಅದಕ್ಕೆ ಸಿನಿಮಾ ಬೇರೆ ಬೇಕೇ?

ಇವರು ಯಾರೂ ಹೇಳದ ಅಭಿಪ್ರಾಯ ನಮ್ಮ ಮನೆಯಲ್ಲಿ ಬಂತು. ಲಾರಿ ಅರಚುತ್ತಾ ಬೀದಿಗೆ ಓಡಿ, ಪಕ್ಕದ ಮನೆಯ ಬಾಗಿಲು ಬಡಿಯುತ್ತಾಳೆ. ಆ ಮನೆಯ ದೀಪ ಹತ್ತುತ್ತದೆ. ಯಾರೋ ಕಿಟಕಿಯ ಪರದೆ ಸರಿಸಿ ನೋಡುತ್ತಾರೆ. ಪರದೆ ಮುಚ್ಚುತ್ತದೆ. ದೀಪ ಆರುತ್ತದೆ. ಹಬ್ಬದ ರಾತ್ರಿ, ಹುಡುಗರ ತಮಾಷೆ ಅಂದುಕೊಂಡಿರಬೇಕು. ಕೆಲವೇ ಕ್ಷಣದ ದೃಶ್ಯ. ಒಂದು ಹನಿ ರಕ್ತವಿಲ್ಲ.

“ಇದೊಂದು ಮಾತ್ರ ನಿಜ” ಎಂದಳು ಮಗಳು.

ಅವಳು ಹೇಳಿದ ಧ್ವನಿ ಕೇಳಿ ನಾನು ಟೀವಿ ನಿಲ್ಲಿಸು ಎಂದೆ. ನಿಲ್ಲಿಸಿದಳು. ಎರಡು ವರ್ಷದ ಹಿಂದೆ, ಕೆಲಸ ಮುಗಿಸಿ ರಾತ್ರಿ ಹತ್ತೂವರೆಗೆ ಬಸ್ ಇಳಿದಾಗ ಒಬ್ಬ ಹಿಂದೆ ಬಂದನಂತೆ. ನಿಂತರೆ ನಿಂತ, ನಡೆದರೆ ನಡೆದ. ಇವಳು ಒಂದು ಮನೆಯ ಗೇಟು ತೆಗೆದು ಬೆಲ್ ಒತ್ತಿದಳು. ವರಾಂಡದ ದೀಪ ಹತ್ತಿತು. ಕರ್ಟನ್ ಅಲ್ಲಾಡಿತು. “ಆಂಟೀ ಅಂತ ಕೂಗಿದೆ ಅಮ್ಮ. ದೀಪ ಆರಿಸಿಬಿಟ್ಟರು.” ಅವನು ಗೇಟಿನ ಹತ್ತಿರವೇ ನಿಂತಿದ್ದ. ಎದುರಿಗೆ ಕಟ್ಟಡ ಕಟ್ಟುವ ಕಡೆ ತಗಡಿನ ಗುಡಿಸಲಲ್ಲಿ ಒಲೆ ಉರಿಯುತ್ತಿತ್ತು. ಇವಳು ಒಂದೇ ಉಸಿರಿಗೆ ಅಲ್ಲಿಗೆ ಓಡಿದಳು. ರೊಟ್ಟಿ ತಟ್ಟುತ್ತಿದ್ದ ಹೆಂಗಸು “ಯಾಕವ್ವಾ?” ಎಂದು ಎದ್ದು, ಉರಿಯುವ ಕೊಳ್ಳಿ ಹಿಡಿದು ರಸ್ತೆಗೇ ಬಂದಳಂತೆ. ಅವನು ಹೊರಟುಹೋದ. ಆಕೆ ಇವಳನ್ನು ಒಲೆ ಮುಂದೆ ಕೂರಿಸಿಕೊಂಡು, ಗಂಡನನ್ನು ಜೊತೆ ಮಾಡಿ ಕಳಿಸಿಕೊಟ್ಟಳು.

“ನಮಗೆ ಯಾಕೆ ಹೇಳಲಿಲ್ಲ?” ಎಂದಳು ಓರಗಿತ್ತಿ. ಮಗಳು ಕುರ್ಚಿಯಲ್ಲಿ ಮಲಗಿದ್ದ ಅಪ್ಪನ ಕಡೆ ನೋಡಿ, “ಮಾರನೇ ದಿನವೇ ಕೆಲಸ ಬಿಟ್ಟು ಬಾ ಅನ್ನೋರು ಚಿಕ್ಕಮ್ಮ” ಎಂದಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಮಾತು ಬರಲಿಲ್ಲ.

ಉಳಿದದ್ದನ್ನು ಹಾಗೇ ನೋಡಿ ಮುಗಿಸಿದೆವು. ಡಾಕ್ಟರ್ ಅವನಿಗೆ ಆರು ಗುಂಡು ಹೊಡೆಯುತ್ತಾನೆ, ಅವನು ಮಹಡಿಯಿಂದ ಬೀಳುತ್ತಾನೆ, ಬಗ್ಗಿ ನೋಡಿದರೆ ಅಲ್ಲಿ ಇಲ್ಲ. 2018ರ ‘ಹ್ಯಾಲೋವೀನ್’ ಚಿತ್ರದಲ್ಲಿ ಅದೇ ನಟಿ ಜೇಮೀ ಲೀ ಕರ್ಟಿಸ್, ಅರುವತ್ತರ ಹತ್ತಿರದಲ್ಲಿ, ಲಾರಿ ಅಜ್ಜಿಯಾಗಿ ಮನೆಯನ್ನೇ ಕೋಟೆ ಮಾಡಿಕೊಂಡು ಅವನಿಗಾಗಿ ಕಾದಿರುತ್ತಾಳೆ ಎಂದು ಮಗಳು ಹೇಳಿದಳು. ಅಜ್ಜಿ ಬಂದಳಲ್ಲ ಎಂದು ಅತ್ತೆಗೆ ಸಮಾಧಾನವಾಗುತ್ತದೆ ಎಂದುಕೊಂಡೆ. ಅವರ ಯೋಚನೆ ಬೇರೆ ಕಡೆ ಇತ್ತು.

“ಆ ಹೆಂಗಸಿಗೆ ಏನಾದರೂ ಕೊಟ್ಟೆಯಾ ಪುಟ್ಟಿ?”

“ಸಂಬಳ ಬಂದ ಮೇಲೆ ಒಂದು ಸೀರೆ ತಗೊಂಡು ಹೋದೆ ಅಜ್ಜಿ. ಕಟ್ಟಡ ಮುಗಿದಿತ್ತು. ಗುಡಿಸಲು ಕಿತ್ತು ಎಲ್ಲಿಗೋ ಹೋಗಿದ್ದರು.”

“ಸೀರೆ?”

“ಇಲ್ಲೇ ಇದೆ, ನನ್ನ ಬ್ಯಾಗಿನಲ್ಲಿ.”